ರೆಪ್ಪೆ ಎಣಿಸುವ ಅಳಿಯ

ಅತ್ತೆ ತೀರಿಕೊಂಡಾಗ ತಪಾಸಕರಿಗೆ ನಿಜವಾಗಿಯೂ ದುಃಖವಾಗಿತ್ತು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದಿನದನ್ನೆಲ್ಲ ಕೇಳಿದ ಮೇಲೆ ಯಾರೂ ಇದನ್ನು ನಂಬುವುದಿಲ್ಲ. ಅವರ ಹೆಂಡತಿಯೇ ನಂಬಲಿಲ್ಲ. (ಗಂಡ ಕಣ್ಣೊರೆಸಿಕೊಂಡರೆ ಮೊದಲು ಈರುಳ್ಳಿ ಎಲ್ಲಿದೆ ಎಂದು ನೋಡುವ ಸ್ವಭಾವ ಆಕೆಯದು.)

ತಪಾಸಕರು ಎಂದರೆ ಪೊಲೀಸಿನವರಲ್ಲ. ಔಷಧಿ ಸೀಸೆಗಳ ಮೇಲೆ ಅಂಟಿಸುವ ಲೇಬಲ್‌ಗಳನ್ನು ಅಚ್ಚು ಹಾಕುವ ಪ್ರೆಸ್ಸೊಂದರಲ್ಲಿ, ಕಣ್ಣಿಗೆ ಭೂತಗನ್ನಡಿ ಒತ್ತಿಕೊಂಡು ಕೂತು, ಕೆಂಪು ಬಣ್ಣವೇನಾದರೂ ನೀಲಿಯ ಗಡಿ ದಾಟಿ ಕೂದಲೆಳೆಯಷ್ಟು ಒತ್ತುವರಿ ಮಾಡಿದೆಯೇ, ‘ಚೆನ್ನಾಗಿ ಕುಲುಕಿ ಕುಡಿಯಿರಿ’ ಎಂಬಲ್ಲಿ ಒಂದು ಕೊಂಬು ಸವೆದಿದೆಯೇ ಎಂದು ನೋಡುವುದು ಅವರ ಉದ್ಯೋಗ. ಹಗಲೆಲ್ಲ ಹೀಗೆ ಚುಕ್ಕೆ ನೋಡಿದ ಮನುಷ್ಯ ಸಂಜೆ ಮನೆಗೆ ಬಂದಾದರೂ ಕಣ್ಣು ಮುಚ್ಚಿ ಕೂರಬೇಕು ತಾನೇ? ಇಲ್ಲ. ಅವರು ಒಂದು ಕ್ಯಾಮೆರಾ ಕೊಂಡರು. ಕ್ಯಾಮೆರಾ ಎಂದರೆ ಕುತ್ತಿಗೆಗೆ ಹಾಕಿಕೊಂಡರೆ ಮನುಷ್ಯ ಮುಂದಕ್ಕೆ ಬಾಗುವಂಥದ್ದು. ಅದರಲ್ಲಿ ತೆಗೆದ ಚಿತ್ರವನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡುತ್ತಾ ಹೋದರೆ ಇರುವೆಯ ಮೀಸೆ ಕಾಣುತ್ತದೆ. ಇರುವೆಯ ಮೀಸೆಯಿಂದ ಸಂಸಾರಕ್ಕೆ ಏನು ಪ್ರಯೋಜನ ಎಂದು ಹೆಂಡತಿ ಒಮ್ಮೆ ಕೇಳಿದ್ದಳು. ಕೇಳಿ ಸುಮ್ಮನಾಗಿದ್ದಳು, ಏಕೆಂದರೆ ಉತ್ತರ ಊಟದ ಹೊತ್ತನ್ನು ದಾಟಿ ಹೋಗಿತ್ತು.

ತಪಾಸಕರ ಸಿದ್ಧಾಂತ ಸರಳವಾಗಿತ್ತು. ಒಬ್ಬರ ಫೋಟೋ ತೆಗೆದರೆ ಅವರ ಕಣ್ಣಿನ ರೆಪ್ಪೆಗೂದಲನ್ನು ಒಂದೊಂದಾಗಿ ಎಣಿಸಲು ಬರಬೇಕು. ಬಂದರೆ ಅದು ಫೋಟೋ, ಬಾರದಿದ್ದರೆ ಕಸ. ಮನೆಯವರ ಫೋನುಗಳ ಮೇಲೂ ಅವರು ಅಘೋಷಿತ ನಿಷೇಧ ಹೇರಿದ್ದರು. ಮನೆಯವರಾಗಲಿ ಬಂದುಹೋಗುವ ನೆಂಟರಾಗಲಿ ಫೋನು ಎತ್ತಿ ಹಿಡಿದರೆ, “ಇಡಿ ಇಡಿ, ಅದನ್ನ ಫೋಟೋ ಅಂತಾರಾ, ನಾನು ತೆಗೀತೀನಿ” ಎಂದು ಅಡ್ಡ ಬರುತ್ತಿದ್ದರು. ಕ್ರಮೇಣ ಮನೆಯವರಿಗೂ ಅಭ್ಯಾಸವಾಗಿ ಹೋಯಿತು. ಅಷ್ಟು ದೊಡ್ಡ ಕ್ಯಾಮೆರಾ ಮನೆಯಲ್ಲಿರುವಾಗ ನಾವೇಕೆ ತೆಗೆಯಬೇಕೆಂದು ಎಲ್ಲರೂ ಕೈಬಿಟ್ಟರು.

ಇನ್ನು ಅತ್ತೆಯ ವಿಷಯ. ಆಕೆ ಮಗಳ ಮನೆಯಲ್ಲೇ ಇದ್ದವರು, ಮತ್ತು ಹುಟ್ಟಿದಂದಿನಿಂದ ಒಂದು ಕ್ಷಣ ನೆಟ್ಟಗೆ ನಿಂತವರಲ್ಲ. ಮಾತಾಡಿದರೆ ಕೈ ಆಡುತ್ತಿತ್ತು, ಕೈ ಆಡಿದರೆ ತಲೆ ಆಡುತ್ತಿತ್ತು, ನಕ್ಕರಂತೂ ಇಡೀ ಮೈ ಕುಲುಕುತ್ತಿತ್ತು. ತಪಾಸಕರು ಕ್ಯಾಮೆರಾ ಹಿಡಿದು ಆಕೆಯ ಹಿಂದೆ ಸುತ್ತುವುದು, ಆಕೆ ಬಟ್ಟೆ ಮಡಿಚುತ್ತ, ಬಾಗಿಲಲ್ಲಿ ಯಾರನ್ನೋ ಮಾತಾಡಿಸುತ್ತ ತಿರುಗುವುದು, ಇವರು ಒತ್ತುವುದು, ಆಮೇಲೆ ಕಂಪ್ಯೂಟರಿನ ಮುಂದೆ ಕೂತು ನಿಟ್ಟುಸಿರು ಬಿಡುವುದು ಅನೇಕ ಸಲ ನಡೆದಿತ್ತು.

“ಅಳಿಯಂದ್ರೇ, ಹೇಗೆ ಬಂದಿದೀನಿ?” ಎಂದು ಅತ್ತೆ ಹಿಂದಿನಿಂದ ಇಣುಕುತ್ತಿದ್ದರು.

“ಕಣ್ಣು ಅಲುಗಿದೆ ಅತ್ತೆ.”

“ಬದುಕಿದೀನಲ್ಲಪ್ಪ, ಅಲುಗತ್ತೆ.”

ತಪಾಸಕರು ಇದನ್ನು ಹಾಸ್ಯವೆಂದು ಭಾವಿಸಿ, ಮುಗುಳ್ನಕ್ಕು, ಆ ಫೋಟೋವನ್ನು ಅಳಿಸಿದರು. ಹಾಗೆ ಅಳಿಸಿದ್ದನ್ನು ಕಂಪ್ಯೂಟರು ಒಂದು ಕಸದ ಬುಟ್ಟಿಯಲ್ಲಿ ಇಟ್ಟುಕೊಂಡಿರುತ್ತದಂತೆ. ಬೇರೆಯವರಾದರೆ ಅಲ್ಲಾದರೂ ಬಿಡುತ್ತಿದ್ದರು. ನಮ್ಮವರು ಶುಚಿಯ ಮನುಷ್ಯ, ಪ್ರತಿದಿನ ಮಲಗುವ ಮುಂಚೆ ಆ ಬುಟ್ಟಿಯನ್ನೂ ಖಾಲಿ ಮಾಡುತ್ತಿದ್ದರು.

ಹೀಗಿರುವಾಗ ಅತ್ತೆ ಒಂದು ಬೆಳಿಗ್ಗೆ ಹಾಸಿಗೆಯಿಂದ ಏಳಲಿಲ್ಲ. ಯಾರಿಗೂ ಒಂದು ಲೋಟ ನೀರು ಕೇಳುವ ತೊಂದರೆಯನ್ನೂ ಕೊಡದೆ ಹೋಗಿಬಿಟ್ಟರು. ಬಂದವರು ಬಂದು, ಹೋದವರು ಹೋಗಿ, ಮನೆ ಸದ್ದಿಲ್ಲದ ಮನೆಯಾಯಿತು. ಅಷ್ಟು ದಿನ ಮನೆಯ ಸದ್ದೆಲ್ಲ ಒಬ್ಬರದೇ ಆಗಿತ್ತೆಂದು ಆಗಲೇ ಗೊತ್ತಾದದ್ದು. ಹೆಂಡತಿ ಶಾಲೆಗೆ ಹೋಗಿ ಮಕ್ಕಳಿಗೆ ಪಾಠ ಹೇಳಿ ಬರುತ್ತಿದ್ದಳು, ಬಂದು ಅಮ್ಮನ ಕೋಣೆಯ ಬಾಗಿಲನ್ನು ಒಮ್ಮೆ ತೆರೆದು ಒಮ್ಮೆ ಮುಚ್ಚುತ್ತಿದ್ದಳು.

ಒಂದು ಭಾನುವಾರ ಭಾವಮೈದ ಬಂದ. ಇವನು ಹೆಂಡತಿಯ ತಮ್ಮ, ಫ್ರಿಜ್ ರಿಪೇರಿ ಮಾಡುವವನು, ಮಾತು ಕಡಿಮೆ. ಕಂಕುಳಲ್ಲಿ ಕಂದು ಕಾಗದ ಸುತ್ತಿದ ಒಂದು ಚೌಕಟ್ಟು. ಒಳ್ಳೆಯ ಮರ, ಒಳ್ಳೆಯ ಗಾಜು. ಗೋಡೆಗೆ ಮೊಳೆಯನ್ನೂ ಅವನೇ ಹೊಡೆದ.

“ಭಾವ, ಅಮ್ಮಂದು ಒಂದು ಚೆನ್ನಾಗಿರೋ ಫೋಟೋ ಕೊಡಿ. ಇದಕ್ಕೆ ಹಾಕೋಣ. ನನಗೂ ಒಂದು ಪ್ರತಿ ಬೇಕು.”

“ಒಂದಾ?” ಎಂದರು ತಪಾಸಕರು. “ನೂರು ತೆಗೆದಿದೀನಿ. ಆರಿಸೋದೇ ಕಷ್ಟ ಆಗತ್ತೆ ನಿನಗೆ.”

ಈ ಮಾತು ಹೇಳುವಾಗ ಅವರ ಎದೆ ಉಬ್ಬಿತ್ತು. ಬಹಳ ದಿನಗಳ ನಂತರ ತಾನು ಈ ಮನೆಗೆ ಒಂದು ಉಪಕಾರ ಮಾಡಲಿದ್ದೇನೆ ಎಂಬ ಸಂತೋಷ. ಅಕ್ಕ ತಮ್ಮ ಇಬ್ಬರೂ ಕುರ್ಚಿ ಎಳೆದುಕೊಂಡು ಅವರ ಎಡಬಲಕ್ಕೆ ಕೂತರು. ತಪಾಸಕರು ಕಂಪ್ಯೂಟರು ತೆರೆದರು.

ಮೊದಲು ಬಂದದ್ದು ಇಟ್ಟಿಗೆ ಗೋಡೆ. ಆಮೇಲೆ ಇನ್ನೊಂದು ಇಟ್ಟಿಗೆ ಗೋಡೆ.

“ಇದು ಲೆನ್ಸ್ ಪರೀಕ್ಷೆ ಮಾಡಿದ್ದು,” ಎಂದು ತಪಾಸಕರು ವಿವರಿಸಿದರು. “ನಾಲ್ಕು ಮೂಲೆಗಳೂ ಒಂದೇ ಸಮ ಸ್ಪಷ್ಟವಾಗಿದಾವೆ ನೋಡು.”

ಭಾವಮೈದ ನೋಡಿದ. ಆಮೇಲೆ ತುಕ್ಕು ಹಿಡಿದ ಬೇಲಿ ತಂತಿ ಬಂತು, ಹಳೆಯ ಪತ್ರಿಕೆಯ ಹಾಳೆ ಬಂತು, ಕಾಗೆಯ ಗರಿ ಬಂತು, ಕೆಮ್ಮಿನ ಔಷಧಿಯ ಲೇಬಲ್ ಬಂತು. ಕೊನೆಗೆ ‘ಅತ್ತೆ’ ಎಂಬ ಹೆಸರಿನ ಕಡತ ಸಿಕ್ಕಿತು. ತಪಾಸಕರು ಹೆಮ್ಮೆಯಿಂದ ಒತ್ತಿದರು. ಅದರಲ್ಲಿ ನಾಲ್ಕೇ ನಾಲ್ಕು ಚಿತ್ರಗಳಿದ್ದವು.

ಒಂದರಲ್ಲಿ ಅತ್ತೆಯ ಎಡಗಿವಿ. ಓಲೆಯ ತಿರುಪಿನ ಸುತ್ತುಗಳನ್ನೂ ಎಣಿಸಬಹುದಾಗಿತ್ತು. ಮುಖದ ಜಾಗದಲ್ಲಿ ಮಂಜು ಮುಸುಕಿತ್ತು. ಇನ್ನೊಂದರಲ್ಲಿ ಆಕೆಯ ಸೀರೆಯ ಸೆರಗು, ನೂಲು ನೂಲಾಗಿ. ಮೂರನೆಯದು ಗಲ್ಲದ ಮೇಲಿನ ನರುಳ್ಳೆ, ಅದೊಂದೇ. ನಾಲ್ಕನೆಯದರಲ್ಲಿ ಆಕೆಯ ಕನ್ನಡಕ ಮೇಜಿನ ಮೇಲಿತ್ತು. ಆಕೆ ಇರಲಿಲ್ಲ.

ಭಾವಮೈದ ಮುಂದಿನದಕ್ಕೆಂದು ತಾನೇ ಗುಂಡಿ ಒತ್ತಿ ನೋಡಿದ.

“ಉಳಿದವು ಎಲ್ಲಿ ಭಾವ?”

“ಉಳಿದವು ಸ್ಪಷ್ಟ ಇರಲಿಲ್ಲ.”

“ಸ್ಪಷ್ಟ ಇಲ್ದಿದ್ರೂ ಪರವಾಗಿಲ್ಲ, ಕೊಡಿ.”

“ಅಳಿಸಿಬಿಟ್ಟೆ.”

ಆಗ ಹೆಂಡತಿ ಬಾಯಿ ಬಿಟ್ಟಳು. ಜಗಳದ ದನಿಯಲ್ಲಿ ಅಲ್ಲ. ಜಗಳದ ದನಿಯಾಗಿದ್ದರೆ ತಪಾಸಕರಿಗೆ ಎಷ್ಟೋ ಧೈರ್ಯ ಬರುತ್ತಿತ್ತು.

“ಹಾಗಾದ್ರೆ ಈಗ ಯಾವುದನ್ನ ಹಾಕೋಣ ರೀ? ನಮ್ಮಮ್ಮನ ಕಿವೀನಾ, ನರುಳ್ಳೇನಾ?”

“ನೋಡೇ, ಕಿವಿ ತುಂಬ ಚೆನ್ನಾಗಿ...” ಎಂದು ತಪಾಸಕರು ಶುರು ಮಾಡಿದರು. (ಸಂಸಾರದಲ್ಲಿ ಕೆಲವು ವಾಕ್ಯಗಳನ್ನು ಶುರು ಮಾಡಬಾರದು. ಶುರು ಮಾಡಿದ ಮೇಲೆ ಮುಗಿಸಲೂಬಾರದು. ಅವರು ಎರಡನೆಯದನ್ನಾದರೂ ಪಾಲಿಸಿದರು.)

ಹೆಂಡತಿ ಎದ್ದು ಹೋಗಿ ಆ ಖಾಲಿ ಚೌಕಟ್ಟನ್ನು ಮೊಳೆಗೆ ನೇತುಹಾಕಿದಳು. ಒಳಗೆ ಬಿಳಿ ರಟ್ಟು, ಮೇಲೆ ಗಾಜು. “ಇರಲಿ ಬಿಡಿ,” ಎಂದಳು, ಅಷ್ಟೇ. ಅಂದಿನಿಂದ ತಪಾಸಕರು ನಡುಮನೆಯಲ್ಲಿ ಓಡಾಡಿದಾಗಲೆಲ್ಲ ಆ ಗಾಜಿನಲ್ಲಿ ಅವರದೇ ಬೋಳುತಲೆ ಹಾದುಹೋಗುತ್ತಿತ್ತು. ಹೆಂಡತಿ ಅನ್ನ ಬಡಿಸುತ್ತಿದ್ದಳು, ಉಪ್ಪು ಬೇಕೇ ಎಂದು ಕೇಳುತ್ತಿದ್ದಳು, ಕೇಳಿದ್ದಕ್ಕೆ ಹೂಂ ಎನ್ನುತ್ತಿದ್ದಳು. ಅದಕ್ಕಿಂತ ತಟ್ಟೆ ಎಸೆದಿದ್ದರೆ ವಾಸಿ ಎಂದು ಅವರಿಗೆ ಅನ್ನಿಸಿತು. ತಟ್ಟೆಯ ಸದ್ದು ಒಂದು ಸಲದ್ದು.

ತಪಾಸಕರು ಕೈಕಟ್ಟಿ ಕೂರಲಿಲ್ಲ. ಕಂಪ್ಯೂಟರು ರಿಪೇರಿಯವನ ಬಳಿ ಹೋಗಿ ಅಳಿಸಿದ್ದನ್ನು ಎತ್ತಿಕೊಡಲು ಬೇಡಿದರು. ಅವನು ಎರಡು ದಿನ ಇಟ್ಟುಕೊಂಡು, “ಸಾರ್, ಇಷ್ಟು ನೀಟಾಗಿ ಅಳಿಸೋ ಗಿರಾಕಿ ನಾನು ನೋಡೇ ಇಲ್ಲ,” ಎಂದು ಪ್ರಶಂಸಿಸಿ ವಾಪಸು ಕೊಟ್ಟ. ಕೊನೆಗೆ ಉಳಿದದ್ದು ಅತ್ತೆಯ ಗುರುತಿನ ಚೀಟಿಯಲ್ಲಿದ್ದ ಅಂಚೆಚೀಟಿಯಷ್ಟು ಫೋಟೋ. ಅದರಲ್ಲಿ ಆಕೆ ಈಗ ತಾನೇ ಯಾರನ್ನೋ ಕೊಂದು ಬಂದು, ಮುಂದಿನ ಸರದಿ ಫೋಟೋದವನದು ಎಂದು ತೀರ್ಮಾನಿಸಿದ ಹಾಗೆ ಕಾಣುತ್ತಿದ್ದರು. ಭಾವಮೈದ ಅದನ್ನೇ ತನ್ನ ಫೋನಿನಲ್ಲಿ ಯಾವುದೋ ಆ್ಯಪಿಗೆ ಕೊಟ್ಟು ತಿದ್ದಿಸಿಕೊಂಡು ಬಂದ. ಸುಕ್ಕು ಹೋಗಿತ್ತು, ನರುಳ್ಳೆ ಹೋಗಿತ್ತು, ರೆಪ್ಪೆ ಮಾತ್ರ ಧಾರಾಳವಾಗಿತ್ತು, ಎಣಿಸಿದಷ್ಟೂ ಮುಗಿಯದು.

ಹೆಂಡತಿ ಅದನ್ನು ಕೈಗೆ ತೆಗೆದುಕೊಂಡು ಬಹಳ ಮರ್ಯಾದೆಯಿಂದ ನೋಡಿದಳು. “ಯಾರಿವರು? ಒಳ್ಳೇವರ ಹಾಗೆ ಕಾಣ್ತಾರೆ. ಇವರ ಮಕ್ಕಳಿಗೆ ಕೊಟ್ಟುಬಿಡು,” ಎಂದಳು.

ಆ ಸಂಜೆ ತಪಾಸಕರಿಗೆ ತಮ್ಮ ಮೇಲೆ ತಮಗೇ ಹೇಸಿಗೆ ಬಂತು. ಕ್ಯಾಮೆರಾ ಮಾರಿಬಿಡೋಣ, ಇಟ್ಟಿಗೆ ಗೋಡೆಗಳನ್ನೆಲ್ಲ ಅಳಿಸಿಬಿಡೋಣ ಎಂದು ಕಂಪ್ಯೂಟರಿನ ಮುಂದೆ ಕೂತರು. ಅಳಿಸುವ ಕೆಲಸದಲ್ಲಂತೂ ಪಳಗಿದ ಕೈ. ಬೇಲಿ ತಂತಿ ಹೋಯಿತು, ಕಾಗೆಗರಿ ಹೋಯಿತು. ಕೊನೆಗೆ ಅವರ ಜೀವಮಾನದ ಸಾಧನೆ ಬಂತು: ಸ್ಟೀಲ್ ಕೆಟಲ್.

ಈ ಕೆಟಲ್ಲಿನ ಬಗ್ಗೆ ಒಂದು ಮಾತು ಹೇಳಬೇಕು. ಮನೆಯಲ್ಲಿ ಟೀ ಕಾಯಿಸುವ, ಹೊಟ್ಟೆ ದುಂಡಗಿನ ಸಾಧಾರಣ ಕೆಟಲ್ ಅದು. ಹೊಸ ಲೆನ್ಸ್ ಬಂದ ವಾರ ತಪಾಸಕರು ಅದನ್ನು ತಾರಸಿಯ ಮೇಲಿಟ್ಟು, ಮುಂದೆ ಬೋರಲಾಗಿ ಮಲಗಿ, ಮಧ್ಯಾಹ್ನವೆಲ್ಲ ಒದ್ದಾಡಿ ತೆಗೆದಿದ್ದರು. ಬಿಸಿಲು ಕಣ್ಣಿಗೆ ರಾಚುತ್ತಿತ್ತು, ಸ್ಟೀಲು ಥಳಥಳ ಹೊಳೆದು ವಿವರಗಳನ್ನೆಲ್ಲ ನುಂಗಿಹಾಕುತ್ತಿತ್ತು. ಆಗ, ಕೊನೆಯ ಗಳಿಗೆಯಲ್ಲಿ, ಒಂದು ಮೋಡ ಬಂದು ತಂಪಾದ ನೆರಳು ಬಿತ್ತು. ಅವರು ತಕ್ಷಣ ಒತ್ತಿದರು. ಪ್ರೆಸ್ಸಿನಲ್ಲಿ ಎಲ್ಲರಿಗೂ ಆ ಚಿತ್ರ ತೋರಿಸಿ, “ಬೆಳಕಿಗೆ ಕಾಯಬೇಕು ಕಣ್ರೀ, ಮೋಡಕ್ಕೆ ಕಾಯೋ ತಾಳ್ಮೆ ಬೇಕು,” ಎಂದು ಉಪನ್ಯಾಸ ಕೊಟ್ಟಿದ್ದರು. ಹಿಡಿಯ ತಿರುಪು, ಮುಚ್ಚಳದ ಗೀರು, ಮೂತಿಯ ಅಂಚಿನಲ್ಲಿ ಉಳಿದಿದ್ದ ಹನಿ, ಎಲ್ಲವೂ ಅದರಲ್ಲಿ ಕರಾರುವಾಕ್ಕಾಗಿದ್ದವು. ಹೊಟ್ಟೆಯ ನಡುವೆ ಒಂದು ಕಪ್ಪು ಕಲೆ ಮಾತ್ರ ಅವರಿಗೆ ಹಿಡಿಸಿರಲಿಲ್ಲ. ಒಂದು ದಿನ ಕೂತು ಅದನ್ನು ಒರೆಸಿಹಾಕಬೇಕು ಎಂದುಕೊಂಡಿದ್ದರು, ಪುರುಸೊತ್ತಾಗಿರಲಿಲ್ಲ.

ಅಳಿಸುವ ಮುನ್ನ ಹಳೆಯ ಚಟದಂತೆ ಒಂದು ಸಲ ದೊಡ್ಡದು ಮಾಡಿದರು. ಮೂತಿ, ಹಿಡಿ, ಮುಚ್ಚಳ ನೋಡಿದರು. ಆ ಕಲೆಯನ್ನೂ ನೋಡಿದರು. ಇನ್ನಷ್ಟು ದೊಡ್ಡದು ಮಾಡಿದರು. ಕಲೆಗೆ ಕೈಕಾಲು ಬಂತು.

ದುಂಡಗಿನ ಸ್ಟೀಲಿನಲ್ಲಿ ಕಾಣುವ ಪ್ರತಿಬಿಂಬ ಪಾತ್ರೆಯ ಮೈಗೆ ಅಂಟಿದಷ್ಟು ಹತ್ತಿರದಲ್ಲೇ ಕೂತಿರುತ್ತದೆ, ಹಾಗಾಗಿ ಕೆಟಲ್ಲಿಗೆ ಇಟ್ಟ ಫೋಕಸ್ಸಿಗೆ ಅದೂ ಸಿಕ್ಕಿಬಿಟ್ಟಿರುತ್ತದೆ. ತಪಾಸಕರಿಗೆ ಈ ಶಾಸ್ತ್ರವೆಲ್ಲ ಬಾಯಿಪಾಠ. ಆದರೆ ಶಾಸ್ತ್ರ ನೆನಪಾಗುವ ಮೊದಲೇ ಅವರು ಕುರ್ಚಿಯಿಂದ ಎದ್ದು ನಿಂತಿದ್ದರು.

“ಏನೇ, ಬಾರೇ ಇಲ್ಲಿ,” ಎಂದು ಕೂಗಿದರು.

ಹೆಂಡತಿ ಮಡಿಚುತ್ತಿದ್ದ ಬಟ್ಟೆಯೊಂದಿಗೇ ಬಂದು ನಿಂತಳು. ಕೆಟಲ್ಲಿನ ಹೊಟ್ಟೆಯಲ್ಲಿ ತಾರಸಿಯಿತ್ತು, ಒಣಹಾಕಿದ ಬಟ್ಟೆಗಳ ಸಾಲಿತ್ತು. ಎದುರಿಗೇ ತಪಾಸಕರಿದ್ದರು, ನೆಲಕ್ಕೆ ಬೋರಲಾಗಿ, ಒಂದು ಕಣ್ಣು ಕ್ಯಾಮೆರಾಗೆ ಒತ್ತಿ, ಇನ್ನೊಂದು ಕಣ್ಣು ಕಿವುಚಿ, ನಾಲಿಗೆಯನ್ನು ಹೊರಗೆ ಚಾಚಿ. ಅವರ ಹಿಂದೆ ಅತ್ತೆ ನಿಂತಿದ್ದರು. ಒಂದು ಕೈಯಲ್ಲಿ ಕಡ್ಡಿ ಮುರಿದ, ಹೂವಿನ ಚಿತ್ತಾರದ ಕೊಡೆಯನ್ನು ಮುಂದಕ್ಕೆ ಬಾಗಿಸಿ ಅಳಿಯನ ಬೋಳುತಲೆಯ ಮೇಲೆ ಹಿಡಿದಿದ್ದರು. ಇನ್ನೊಂದು ಕೈ ಸೊಂಟದ ಮೇಲೆ. ಅಳಿಯನ ಅವಸ್ಥೆ ನೋಡಿ ಮುಖವಿಡೀ ನಗುತ್ತಿದ್ದರು. ಸದ್ದು ಬಾರದಂತೆ ತಡೆದುಕೊಂಡ ನಗು, ಕೆನ್ನೆಯೆಲ್ಲ ಉಬ್ಬಿತ್ತು.

ತಪಾಸಕರಿಗೆ ಆಗ ನೆನಪಾಯಿತು. ಆ ಮಧ್ಯಾಹ್ನ ಹಿಂದೆ ಯಾರೋ ಬಂದ ಹೆಜ್ಜೆಸಪ್ಪಳ ಕೇಳಿತ್ತು. ತಲೆ ಎತ್ತದೆಯೇ, “ಯಾರದು, ಅಲುಗಾಡ್ಬೇಡಿ, ನೆಲ ಅದುರತ್ತೆ,” ಎಂದು ಗದರಿಸಿದ್ದರು. ಜೀವಮಾನದಲ್ಲಿ ಯಾರು ಹೇಳಿದರೂ ನಿಲ್ಲದ ಆಕೆ ಬಟ್ಟೆ ತೆಗೆಯುವುದನ್ನು ಬಿಟ್ಟು ನಿಂತಿದ್ದರು. ಆ ಮೋಡ ಅತ್ತೆಯ ಕೊಡೆಯಾಗಿತ್ತು.

ಹೆಂಡತಿ ಬಟ್ಟೆಯನ್ನು ಬಾಯಿಗೆ ಒತ್ತಿಕೊಂಡು ಅತ್ತಳು. ಎಷ್ಟೋ ದಿನದಿಂದ ಒಳಗೇ ಇಟ್ಟುಕೊಂಡದ್ದು, ಬೇಗ ನಿಲ್ಲಲಿಲ್ಲ. ತಪಾಸಕರೂ ಕಣ್ಣೊರೆಸಿಕೊಂಡರು. ಈ ಸಲ ಆಕೆ ಈರುಳ್ಳಿಯನ್ನು ಹುಡುಕಲಿಲ್ಲ. ಅಷ್ಟಕ್ಕೇ ಅವರು ಸುಮ್ಮನಿದ್ದಿದ್ದರೆ ಕತೆ ಮುಗಿದು, ಮನೆಯಲ್ಲಿ ಶಾಂತಿ ನೆಲೆಸುತ್ತಿತ್ತು. ಆದರೆ ಹೊಗಳಿಸಿಕೊಂಡು ಬಹಳ ಕಾಲವಾಗಿದ್ದ ಮನುಷ್ಯ.

“ಅದಕ್ಕೇ ನಾನು ಬಡ್ಕೊಳ್ಳೋದು,” ಎಂದರು. “ಸೂಕ್ಷ್ಮ ನೋಡ್ಬೇಕು ಅಂತ. ಫೋನಲ್ಲಿ ತೆಗೆದಿದ್ರೆ ಇದು ಸಿಗ್ತಿತ್ತಾ?”

“ಫೋನಲ್ಲಿ ತೆಗೆದಿದ್ರೆ ಅಮ್ಮನ್ನ ಕೆಟಲ್ಲಿನ ಹೊಟ್ಟೆಯಿಂದ ಹೊರಗೆ ತೆಗೆಯೋ ಕಷ್ಟ ಇರ್ತಿರಲಿಲ್ಲ,” ಎಂದಳು ಹೆಂಡತಿ ಮೂಗೊರೆಸಿಕೊಳ್ಳುತ್ತ. ಜಗಳದ ದನಿ ವಾಪಸು ಬಂದಿತ್ತು. ತಪಾಸಕರಿಗೆ ಜೀವ ಬಂದಂತಾಯಿತು. “ಇದನ್ನೇ ದೊಡ್ಡದು ಮಾಡಿಸಿ. ಚೌಕಟ್ಟಿಗೆ ಹಾಕೋಣ.”

“ಆಗಲ್ಲ ಕಣೆ. ಆ ಅಳತೆಗೆ ಹಿಗ್ಗಿಸಿದ್ರೆ ಬರೀ ಚುಕ್ಕೆ ಚುಕ್ಕೆ. ರೆಪ್ಪೆ ಇರಲಿ, ಕಣ್ಣೇ ಕಾಣಲ್ಲ.”

“ನಗುವಾಗ ಅಮ್ಮನ ಕಣ್ಣು ಯಾವತ್ತು ಕಾಣ್ತಿತ್ತು?”

ಅಷ್ಟು ವರ್ಷ ಒಂದೇ ಮನೆಯಲ್ಲಿದ್ದು, ನೂರಾರು ಸಲ ಕ್ಯಾಮೆರಾದೊಳಗಿಂದ ನೋಡಿ, ನಕ್ಕಾಗ ಆಕೆಯ ಕಣ್ಣು ಪೂರ್ತಿ ಮುಚ್ಚಿಹೋಗುತ್ತಿತ್ತೆಂಬ ದೊಡ್ಡ ವಿಷಯ ಅವರಿಗೆ ಗೊತ್ತಿರಲಿಲ್ಲ. ಇಲ್ಲದ ರೆಪ್ಪೆಯನ್ನು ಎಣಿಸಲಾಗಲಿಲ್ಲವೆಂದು ಎಷ್ಟು ನಗುವನ್ನು ಅಳಿಸಿದ್ದರೋ, ಈಗ ಲೆಕ್ಕ ಹಾಕಿಯೂ ಉಪಯೋಗವಿರಲಿಲ್ಲ.

“ಸರಿ. ಹಾಗಾದ್ರೆ ನನ್ನನ್ನ ಕತ್ತರಿಸಿ ತೆಗೆದು, ಅತ್ತೆ ಒಬ್ಬರನ್ನೇ ಇಡ್ತೀನಿ,” ಎಂದರು ಮೆಲ್ಲಗೆ.

“ನಿಮ್ಮನ್ನ ತೆಗೆದ್ರೆ ಅಮ್ಮ ಯಾರ ತಲೆ ಮೇಲೆ ಕೊಡೆ ಹಿಡಿದಿದಾರೆ ಅಂತ ಹೇಳೋದು? ಯಾತಕ್ಕೆ ನಗ್ತಿದಾರೆ ಅಂತ ಹೇಳೋದು?”

“ನಾಲಿಗೆಯಾದ್ರೂ ಒಳಗೆ ಹಾಕ್ತೀನಿ. ಎರಡು ನಿಮಿಷದ ಕೆಲಸ.”

“ಮುಟ್ಟಬೇಡಿ.”

ಮುಟ್ಟಲಿಲ್ಲ. ಚಿತ್ರ ಗೋಡೆಗೆ ಬಂತು. ಕೆಟಲ್ಲಿನ ಹೊಟ್ಟೆ ಮಾಡುವ ಚೇಷ್ಟೆಯಿಂದ ಹತ್ತಿರವಿದ್ದ ತಪಾಸಕರ ಮೂಗು ಮತ್ತು ನಾಲಿಗೆ ಬೃಹದಾಕಾರ ತಾಳಿದ್ದವು. ಅತ್ತೆ ಹಿಂದೆ ಪುಟ್ಟದಾಗಿ ನಿಂತಿದ್ದರು. ಹತ್ತಿರ ಹೋಗಿ ನೋಡಿದರೆ ಬರೀ ಚುಕ್ಕೆಗಳು, ಪ್ರೆಸ್ಸಿನಲ್ಲಿ ಇಂಥದ್ದು ಬಂದಿದ್ದರೆ ತಪಾಸಕರು ಕೆಂಪು ಗೀಟು ಎಳೆದು ವಾಪಸು ಕಳಿಸುತ್ತಿದ್ದರು. ಹಿಂದೆ ಸರಿದು ಬಾಗಿಲ ಬಳಿ ನಿಂತರೆ ಚುಕ್ಕೆಗಳೆಲ್ಲ ಒಂದಾಗಿ ಅತ್ತೆ ನಗುತ್ತಿದ್ದರು. ಭಾವಮೈದ ತನ್ನ ಪ್ರತಿಯನ್ನು ಅಂಗಡಿಯಲ್ಲೇ ಹಾಕಿಕೊಂಡ. ಫ್ರಿಜ್ ರಿಪೇರಿಗೆ ತಂದವರೆಲ್ಲ ಭಾವನನ್ನು ನೋಡಿ ನಕ್ಕು ಹೋಗುತ್ತಾರೆಂದು ಸಂತೋಷದಿಂದ ವರದಿ ಮಾಡಿದ.

ಅತ್ತೆಗೆ ರವಿಕೆ ಹೊಲಿದುಕೊಡುತ್ತಿದ್ದ ಬೀದಿಯ ಮುದಿ ದರ್ಜಿ, ಸುದ್ದಿ ತಡವಾಗಿ ತಿಳಿದು, ಒಂದು ಸಂಜೆ ಮಾತಾಡಿಸಲು ಬಂದರು. ಬಾಗಿಲಲ್ಲೇ ನಿಂತು ಗೋಡೆ ನೋಡಿದರು. “ಅಮ್ಮಾವ್ರು ಹಾಗೇ ಇದಾರಲ್ಲ,” ಎಂದು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಹೆಂಡತಿ ಅವರ ಪಕ್ಕಕ್ಕೆ ಬಂದು ನಿಂತಳು. ಇಬ್ಬರೂ ಚಿತ್ರದ ಕಡೆ ಮುಖ ಮಾಡಿದ್ದರು.

“ಕೆಳಗೆ ಮಲಗಿರೋರು ಯಾರಮ್ಮ?”

“ನಮ್ಮನೆಯವರು. ಫೋಟೋ ತೆಗೀತಿದಾರೆ.”

“ಯಾರದು?”

“ಕೆಟಲ್‌ದು.”

ದರ್ಜಿಗೆ ಯಾರನ್ನೂ ನೋಯಿಸುವ ಉದ್ದೇಶವಿರಲಿಲ್ಲ.

“ಅಮ್ಮಾವ್ರು ಹಿಂದೇನೇ ನಿಂತಿದ್ರಲ್ಲ. ಒಂದು ಸಲ ತಿರುಗಿ ನೋಡಬಾರದಾಗಿತ್ತಾ?”

ತಪಾಸಕರು ಅತಿಥಿಗೆಂದು ತಾವೇ ಕಾಯಿಸಿದ ಟೀಯನ್ನು ತಟ್ಟೆಯಲ್ಲಿಟ್ಟುಕೊಂಡು ಬಂದು ಅಷ್ಟರಲ್ಲಿ ಅವರಿಬ್ಬರ ಬೆನ್ನ ಹಿಂದೆ ನಿಂತಿದ್ದರು. ಕೆಮ್ಮೋಣವೆಂದುಕೊಂಡರು, ಕೆಮ್ಮು ಬರಲಿಲ್ಲ. ಮುಂದಿನವರಿಬ್ಬರೂ ಚಿತ್ರದಲ್ಲಿ ಮುಳುಗಿಹೋಗಿದ್ದರು. ಟೀ ಆರುತ್ತಾ ಹೋಯಿತು, ಯಾರೂ ತಿರುಗಿ ನೋಡಲಿಲ್ಲ.